ಕ್ರೂಸ್‌ನಲ್ಲಿ ಹೋದರೆ ಪ್ರತಿ ಬಂದರಿನಲ್ಲೂ ಇಮಿಗ್ರೇಷನ್ ಇರುತ್ತದಾ? ಅಪ್ಪ, ಅವ್ವನ ಜೊತೆ ಮೊದಲ ಸಲ ಹೊರಟಿದ್ದೇವೆ

ಪೊನ್ನಂಪೇಟೆ_ತೋಟ | ಫೆಬ್ರುವರಿ 8

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ರೊಬಸ್ಟಾ ಕೊಯ್ಲು ಇನ್ನು ಎರಡು ವಾರದಲ್ಲಿ ಮುಗಿಯುತ್ತದೆ. ಹೂಮಳೆ ಬಂದರೆ ಸರಿ, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಮುಗಿಸಿ, ಏಪ್ರಿಲ್ ಮೂರನೇ ವಾರ ಅಪ್ಪ, ಅವ್ವನನ್ನು ಕ್ರೂಸ್‌ಗೆ ಕರೆದುಕೊಂಡು ಹೋಗಬೇಕು ಅಂತ ಬುಕ್ ಮಾಡಿದ್ದೇನೆ. ನಾವು ಐದು ಜನ. ಅಪ್ಪನಿಗೆ 74, ಅವ್ವನಿಗೆ 69. ಜೊತೆಗೆ ನಾನು, ಹೆಂಡತಿ, ಆರನೇ ಕ್ಲಾಸಿನ ಮಗಳು. ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನ, ಅಲ್ಲಿ ಒಂದು ರಾತ್ರಿ. ಆಮೇಲೆ ಹಡಗಿನಲ್ಲಿ 4 ರಾತ್ರಿ. ಎರಡನೇ ದಿನ ಪೆನಾಂಗ್, ಮೂರನೇ ದಿನ ಫುಕೆಟ್, ನಾಲ್ಕನೇ ದಿನ ಪೂರ್ತಿ ಸಮುದ್ರ, ಐದನೇ ದಿನ ಬೆಳಗ್ಗೆ ಮತ್ತೆ ಸಿಂಗಾಪುರ.

ಅವ್ವ ಇಷ್ಟು ವರ್ಷದಲ್ಲಿ ನೋಡಿದ ಸಮುದ್ರ ಅಂದರೆ ಕಣ್ಣೂರು ಮತ್ತು ಪಣಂಬೂರು. ಅಪ್ಪ ಮೇಷ್ಟರಾಗಿದ್ದವರು, ಮಕ್ಕಳಿಗೆ ಭೂಪಟ ತೋರಿಸಿದ್ದೇ ಜಾಸ್ತಿ, ತಾವು ಹೋಗಿದ್ದು ಕಡಿಮೆ. ಅದಕ್ಕೇ ಈ ಪ್ರಯಾಣದಲ್ಲಿ ಅವರಿಗೆ ಎಲ್ಲೂ ತೊಂದರೆ ಆಗಬಾರದು ಅನ್ನುವುದು ನನ್ನ ಆಸೆ.

ಬುಕ್ ಮಾಡಿಕೊಟ್ಟವರು "ಸಿಂಗಾಪುರ ವೀಸಾ ಒಂದಿದ್ದರೆ ಸಾಕು, ಉಳಿದದ್ದೆಲ್ಲ ಹಡಗಿನವರು ನೋಡಿಕೊಳ್ತಾರೆ" ಎಂದರು. ಆದರೆ ಪೆನಾಂಗ್ ಇರುವುದು ಮಲೇಷ್ಯಾದಲ್ಲಿ, ಫುಕೆಟ್ ಥಾಯ್ಲೆಂಡ್‌ನಲ್ಲಿ. ನಾಲ್ಕು ಗಂಟೆ ಇಳಿದು ಸುತ್ತಾಡಿ ವಾಪಸ್ ಹತ್ತಿದರೂ ಅದು ಬೇರೆ ದೇಶವೇ, ಅಲ್ವಾ? ಅಲ್ಲಿ ನಮ್ಮನ್ನು ಯಾರು ಪರೀಕ್ಷೆ ಮಾಡುತ್ತಾರೆ? ಹಡಗಿನವರು ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ ಅಂತ ಒಬ್ಬರು ಹೇಳಿದಾಗಿನಿಂದ ಅವ್ವನಿಗೆ ನಿದ್ದೆ ಇಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಹಳೇನಾವಿಕ | ಫೆಬ್ರುವರಿ 8

ತಮ್ಮಾ, ನಾನು 22 ವರ್ಷ ಹಡಗಿನಲ್ಲಿದ್ದವನು. ಹೆಚ್ಚಿನದು ಸರಕು ಹಡಗು, ಕೊನೆಯ ಆರು ವರ್ಷ ಪ್ರಯಾಣಿಕರ ಹಡಗು. ಈಗ ಸುಂಟಿಕೊಪ್ಪದ ಹತ್ತಿರ ಇದ್ದೇನೆ. ನಿಮ್ಮ ಅವ್ವನಿಗೆ ಓದಿ ಹೇಳಲು ಆಗುವ ಹಾಗೆ ಬರೆಯುತ್ತೇನೆ.

ಸಿಂಗಾಪುರದ ಟರ್ಮಿನಲ್‌ನಲ್ಲಿ ಇಮಿಗ್ರೇಷನ್ ದಾಟಿ ಹಡಗು ಹತ್ತಿದ ಮೇಲೆ ನೀವು ಸಿಂಗಾಪುರ ಬಿಟ್ಟ ಲೆಕ್ಕ. ಐದನೇ ದಿನ ಇಳಿಯುವಾಗ ಎರಡನೇ ಸಲ ಒಳಗೆ ಬರುತ್ತೀರಿ. ಹಾಗಾಗಿ ಮೊದಲು ನೋಡಬೇಕಾದ್ದು ಮಲೇಷ್ಯಾ, ಥಾಯ್ಲೆಂಡ್ ಯಾವುದೂ ಅಲ್ಲ, ಸಿಂಗಾಪುರ ವೀಸಾ ಎಷ್ಟು ಸಲಕ್ಕೆ ಕೊಟ್ಟಿದ್ದಾರೆ ಅನ್ನುವುದು. ಅದರಲ್ಲಿ ಸಿಂಗಲ್ ಜರ್ನಿ ಅಂತ ಇದ್ದರೆ ನಿಮ್ಮ ವೀಸಾ ವಿಮಾನ ಇಳಿದ ದಿನವೇ ಮುಗಿದುಹೋಗುತ್ತದೆ. ಮಲ್ಟಿಪಲ್ ಜರ್ನಿ ಅಂತ ಇರಬೇಕು. ಅರ್ಜಿ ಹಾಕುವಾಗಲೇ ಕ್ರೂಸ್ ಟಿಕೆಟ್ ಜೊತೆಗೆ ಕೊಡಿ.

ಇನ್ನು ಬಂದರಿನ ವಿಷಯ. ಹಡಗು ಒಂದು ದೇಶದ ಬಂದರಿಗೆ ಬರುವ ಮೊದಲೇ ಪ್ರಯಾಣಿಕರ ಪಟ್ಟಿ ಅಲ್ಲಿಗೆ ತಲುಪಿರುತ್ತದೆ. 1965ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಇದಕ್ಕೆಲ್ಲ ಒಂದೇ ನಮೂನೆಯ ಫಾರಂಗಳಿವೆ. ನಾವು ಅವನ್ನು ಫಾಲ್ ಫಾರಂ ಅನ್ನುತ್ತಿದ್ದೆವು. ಸಿಬ್ಬಂದಿ ಪಟ್ಟಿ 5ನೇ ನಂಬರ್, ಪ್ರಯಾಣಿಕರ ಪಟ್ಟಿ 6ನೇ ನಂಬರ್. ಹಡಗಿನಲ್ಲಿ ಅಂಟುರೋಗ ಇಲ್ಲ ಅಂತ ಬಂದರಿನ ಆರೋಗ್ಯ ಅಧಿಕಾರಿ ಒಪ್ಪಬೇಕು. ಹಳೆಯ ಪದ್ಧತಿಯಲ್ಲಿ ಅದಕ್ಕಾಗಿ ಹಡಗಿನ ಮೇಲೆ ಹಳದಿ ಬಾವುಟ ಹಾರಿಸುತ್ತಿದ್ದರು. ಆಮೇಲೆ ಇಮಿಗ್ರೇಷನ್, ಕಸ್ಟಮ್ಸ್. ಇವೆಲ್ಲ ಮುಗಿದು "ಹಡಗು ಕ್ಲಿಯರ್ ಆಗಿದೆ" ಅಂತ ಮೈಕ್‌ನಲ್ಲಿ ಹೇಳುವ ತನಕ ಒಬ್ಬರೂ ಇಳಿಯುವ ಹಾಗಿಲ್ಲ. ದಡ ಕಣ್ಣೆದುರಿಗೇ ಇರುತ್ತದೆ, ಬಾಗಿಲು ತೆರೆದಿರುವುದಿಲ್ಲ. ವಯಸ್ಸಾದವರು ಆ ಒಂದು ಗಂಟೆ ಮೆಟ್ಟಿಲ ಹತ್ತಿರ ನಿಂತು ಸುಸ್ತಾಗುವುದನ್ನು ತುಂಬಾ ನೋಡಿದ್ದೇನೆ. ರೂಮಿನಲ್ಲೇ ಕೂತಿರಲು ಹೇಳಿ.

ಪಾಸ್‌ಪೋರ್ಟ್ ತೆಗೆದುಕೊಳ್ಳುವುದು ನಿಜ. ಎಲ್ಲಾ ಹಡಗಿನಲ್ಲೂ ಹಾಗಲ್ಲ, ಆದರೆ ಎಷ್ಟೋ ಕಡೆ ಉಂಟು. ಬಂದರಿನ ಅಧಿಕಾರಿಗಳು ಸಾವಿರಾರು ಜನರ ಪಾಸ್‌ಪೋರ್ಟ್ ಒಟ್ಟಿಗೆ ನೋಡಬೇಕಾಗುತ್ತದೆ, ಅದಕ್ಕೇ ಪರ್ಸರ್ ಆಫೀಸಿನಲ್ಲಿ, ಅಂದರೆ ಪ್ರಯಾಣಿಕರ ಕಾಗದಪತ್ರ ನೋಡುವ ಹಡಗಿನ ಕಚೇರಿಯಲ್ಲಿ, ದೇಶದ ಪ್ರಕಾರ ಜೋಡಿಸಿ ಇಡುತ್ತಾರೆ. ರಸೀದಿ ಕೊಡುತ್ತಾರೆ. ನಮ್ಮ ಕಡೆಯಿಂದ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋದವರ ಪಾಸ್‌ಪೋರ್ಟ್ ಕಸಿದಿಟ್ಟುಕೊಂಡ ಕಥೆ ಕೇಳಿದವರಿಗೆ ಹೆದರಿಕೆ ಆಗುವುದು ಸಹಜ. ಇದು ಆ ತರಹದ್ದಲ್ಲ ಅಂತ ಅವ್ವನಿಗೆ ನಿಧಾನವಾಗಿ ಹೇಳಿ. ಫೋಟೊ ಇರುವ ಪುಟ, ವೀಸಾ ಪುಟ ಎರಡರ ಜೆರಾಕ್ಸ್ ಮಾಡಿಸಿ ಅವರ ಬ್ಯಾಗಿನಲ್ಲೇ ಇಡಿ. ಕೈಯಲ್ಲಿ ಕಾಗದ ಇದ್ದರೆ ಧೈರ್ಯ ಬರುತ್ತದೆ.

ಗೋಣಿಕೊಪ್ಪ_ಟಿಕೆಟ್ | ಫೆಬ್ರುವರಿ 9

ನಾನು ಟಿಕೆಟ್ ಕೆಲಸ ಮಾಡುವವನು. ನಾವಿಕಣ್ಣ ಹೇಳಿದ್ದಕ್ಕೆ ಸೇರಿಸುತ್ತೇನೆ. "ಹಡಗಿನವರು ನೋಡಿಕೊಳ್ತಾರೆ" ಅನ್ನುವ ಮಾತನ್ನು ನಂಬಬೇಡಿ. ನಮ್ಮ ಕೆಲಸದಲ್ಲಿರುವವರೇ ಹಾಗೆ ಹೇಳಿ ಕಳಿಸಿಬಿಡುವುದನ್ನು ನೋಡಿದರೆ ಬೇಸರ ಆಗುತ್ತದೆ.

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತದವರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ. ಅದನ್ನು 2026ರ ಕೊನೆಯವರೆಗೆ ಮುಂದುವರಿಸಿದ್ದಾರೆ. ಥಾಯ್ಲೆಂಡ್ ಕೂಡ ನಮ್ಮವರಿಗೆ ವೀಸಾ ವಿನಾಯಿತಿ ಕೊಟ್ಟಿದೆ. ದಿನಗಳ ಲೆಕ್ಕ ಆಗಾಗ ಬದಲಾಗುತ್ತದೆ, ಹೊರಡುವ ವಾರ ಒಂದು ಸಲ ನೋಡಿಕೊಳ್ಳಿ. ವೀಸಾ ಬೇಡ ಅಂದ ಮಾತ್ರಕ್ಕೆ ಏನೂ ಬೇಡ ಅಂತ ಅಲ್ಲ. ಈಗ ಮೂರೂ ದೇಶಕ್ಕೆ ಆನ್‌ಲೈನ್ ಅರೈವಲ್ ಕಾರ್ಡ್, ಅಂದರೆ ಬರುವವರು ಮೊದಲೇ ತುಂಬುವ ಫಾರಂ, ಇದೆ. ಮಲೇಷ್ಯಾದ್ದು 2024ರ ಜನವರಿಯಿಂದ, ಥಾಯ್ಲೆಂಡ್‌ದು 2025ರ ಮೇ 1ರಿಂದ. ಸಿಂಗಾಪುರದ್ದು ಅದಕ್ಕೂ ಮೊದಲಿನಿಂದ ಇದೆ. ಮೂರನ್ನೂ ಆ ದೇಶ ತಲುಪುವ ಮೊದಲಿನ 3 ದಿನದ ಒಳಗೇ ತುಂಬಬೇಕು. ಮನೆಯಲ್ಲಿ ಹತ್ತು ದಿನ ಮುಂಚೆ ಕೂತು ತುಂಬಲು ಆಗುವುದಿಲ್ಲ.

ನಿಮ್ಮ ದಾರಿಯಲ್ಲಿ ಒಂದು ಸಿಕ್ಕು ಇದೆ, ಗಮನಿಸಿ. ವಾಪಸ್ ಬರುವಾಗ ಸಿಂಗಾಪುರದ ಕಾರ್ಡ್ ಮತ್ತೊಮ್ಮೆ ತುಂಬಬೇಕು. ಅಲ್ಲಿ ತಲುಪುವ ದಿನವನ್ನೂ ಸೇರಿಸಿ 3 ದಿನ ಅಂತ ಲೆಕ್ಕ. ಐದನೇ ದಿನ ತಲುಪುತ್ತೀರಿ ಅಂದರೆ ಮೂರನೇ ದಿನದಿಂದ ಮಾತ್ರ ತುಂಬಲು ಬಿಡುತ್ತದೆ. ಮೂರನೇ ದಿನ ನೀವು ಫುಕೆಟ್‌ನಲ್ಲಿ. ನಾಲ್ಕನೇ ದಿನ ಸಮುದ್ರದ ನಡುವೆ, ಅಲ್ಲಿ ಹಡಗಿನ ವೈಫೈಗೆ ಬೇರೆ ದುಡ್ಡು. ಹಾಗಾಗಿ ಫುಕೆಟ್‌ನಲ್ಲಿ ಮೊಬೈಲ್‌ಗೆ ನೆಟ್‌ವರ್ಕ್ ಸಿಕ್ಕ ತಕ್ಷಣ ಐದೂ ಜನರದ್ದು ತುಂಬಿಬಿಡಿ. ಆಮೇಲೆ ಸುತ್ತಾಡಿ.

ಮೂರೂ ಕಾರ್ಡಿಗೆ ಶುಲ್ಕ ಇಲ್ಲ. ಯಾವುದಾದರೂ ತಾಣ ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವುದು ಎಷ್ಟೋ ಸಲ ಅಂಥವೇ. ವಿಳಾಸದ ಕೊನೆ ನೋಡಿ. ಸಿಂಗಾಪುರದ್ದು ಗವ್ ಡಾಟ್ ಎಸ್‌ಜಿ, ಮಲೇಷ್ಯಾದ್ದು ಗವ್ ಡಾಟ್ ಎಂವೈ, ಥಾಯ್ಲೆಂಡ್‌ದು ಗೋ ಡಾಟ್ ಟಿಎಚ್.

ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಅವಧಿ ಇದೆಯಾ ಅಂತಲೂ ನೋಡಿ. ಮಗಳದ್ದು ಮುಖ್ಯವಾಗಿ. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ.

ಪೊನ್ನಂಪೇಟೆ_ತೋಟ | ಫೆಬ್ರುವರಿ 9

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳ ಪಾಸ್‌ಪೋರ್ಟ್ ಆಗಸ್ಟ್‌ಗೆ ಮುಗಿಯುತ್ತದೆ! ನಾಳೆಯೇ ಮೈಸೂರಿಗೆ ಅಪಾಯಿಂಟ್‌ಮೆಂಟ್ ನೋಡುತ್ತೇನೆ.

ಇನ್ನೊಂದು ಸಂದೇಹ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರಿದೆ. ಗಿವನ್ ನೇಮ್‌ನಲ್ಲಿ ಅವರ ತಂದೆ ಹೆಸರು, ಅವರ ಹೆಸರು. ಕ್ರೂಸ್ ಟಿಕೆಟ್‌ನಲ್ಲಿ ಅಪ್ಪನ ಸ್ವಂತ ಹೆಸರನ್ನೇ ಸರ್‌ನೇಮ್ ಮಾಡಿದ್ದಾರೆ. ಇದು ತೊಂದರೆ ಆಗುತ್ತದಾ?

ಕುಟ್ಟದಕಾಫಿ | ಫೆಬ್ರುವರಿ 9

ಆಗುತ್ತದೆ ಅಣ್ಣ, ದಯವಿಟ್ಟು ಇವತ್ತೇ ಸರಿ ಮಾಡಿಸಿ. ಹೆಸರಿನ ವಿಷಯದಲ್ಲಿ ನನಗೆ ಆದದ್ದು ಯಾರಿಗೂ ಬೇಡ.

ನಮ್ಮ ಹೆಸರಿನ ಕ್ರಮ ಹೊರಗಿನವರಿಗೆ ತಿಳಿಯುವುದಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಮೊದಲನೆಯದು ಒಕ್ಕ, ನಡುವಿನದು ತಂದೆಯದು, ಕೊನೆಯದು ಅವರದು. ಜನರಲ್ ತಿಮ್ಮಯ್ಯನವರದ್ದೂ ಹಾಗೇ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಇಡೀ ಲೋಕ ಕೊನೆಯ ಹೆಸರನ್ನೇ ಮನೆತನದ ಹೆಸರು ಅಂದುಕೊಳ್ಳುತ್ತದೆ. ನಮ್ಮಲ್ಲಿ ಮನೆತನ ಮುಂದೆ ಬರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದದ್ದು, ಬ್ಯಾಂಕ್‌ನಲ್ಲಿ ಇನ್ನೊಂದು. ಮದುವೆಯಾದ ಹೆಣ್ಣುಮಕ್ಕಳಿಗೆ ಒಕ್ಕವೂ ಬದಲಾಗುತ್ತದೆ, ಕೆಲವು ಕಾಗದದಲ್ಲಿ ತವರಿನ ಒಕ್ಕ, ಕೆಲವದರಲ್ಲಿ ಗಂಡನದ್ದು.

ನನ್ನ ಹಳೆಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇತ್ತು. ಗಿವನ್ ನೇಮ್‌ನಲ್ಲಿ ನನ್ನ ಒಂದೇ ಹೆಸರು. ಮದುವೆಗೆ ಮುಂಚೆ ಮಾಡಿಸಿದ್ದು, ಯಾರೂ ಏನೂ ಹೇಳಿರಲಿಲ್ಲ. ದುಬೈಯಿಂದ ಹೊರಡುವ ಕ್ರೂಸ್‌ಗೆ ಅಂತ ನಾವು ಅಕ್ಕತಂಗಿಯರು ನಾಲ್ಕು ಜನ ಒಂದು ವರ್ಷ ದುಡ್ಡು ಕೂಡಿಸಿದ್ದೆವು. 2022ರ ನವೆಂಬರ್‌ನಲ್ಲಿ ಯುಎಇ ಒಂದು ನಿಯಮ ತಂದಿತ್ತು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದು, ಸರ್‌ನೇಮ್ ಅಥವಾ ಗಿವನ್ ನೇಮ್ ಖಾಲಿ ಇದ್ದರೆ ಟೂರಿಸ್ಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ. ನಮಗೆ ಟಿಕೆಟ್ ಮಾಡಿಕೊಟ್ಟವರು ಅದನ್ನು ನೋಡಲೇ ಇಲ್ಲ. ನನಗೆ ಗೊತ್ತಾಗಿದ್ದು ಹೊರಡುವುದಕ್ಕೆ ಒಂಬತ್ತು ದಿನ ಮುಂಚೆ. ಮೂವರು ಹೋದರು, ನಾನು ಉಳಿದೆ. ಅಕ್ಕಂದಿರು ಹಡಗಿನಿಂದ ಫೋನ್ ಮಾಡಿ ಅತ್ತರು, ನಾನು ಇಲ್ಲಿ ಅತ್ತೆ. ಆಮೇಲೆ ಒಕ್ಕದ ಹೆಸರನ್ನು ಸರ್‌ನೇಮ್ ಆಗಿ ಸೇರಿಸಿ ಬೇರೆ ಪಾಸ್‌ಪೋರ್ಟ್ ಮಾಡಿಸಿಕೊಂಡೆ.

ಮಲೇಷ್ಯಾ, ಸಿಂಗಾಪುರಕ್ಕೆ ಈ ಯುಎಇ ನಿಯಮ ಇಲ್ಲ. ಆದರೂ ಟಿಕೆಟ್, ವೀಸಾ, ಮೂರು ಅರೈವಲ್ ಕಾರ್ಡ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಒಂದಕ್ಷರ ಬಿಡದೆ ಬರೆಯಿರಿ.

ಹಳೇನಾವಿಕ | ಫೆಬ್ರುವರಿ 9

ತಂಗಿ ಹೇಳಿದ್ದು ಸರಿ. ಫೋಟೊ ಪುಟದ ಕೆಳಗೆ ಎರಡು ಸಾಲು ಇದೆಯಲ್ಲ, ಬಾಣದ ಗುರುತುಗಳ ಮಧ್ಯೆ ಅಕ್ಷರ, ಒಂದೊಂದು ಸಾಲಿಗೆ 44 ಗುರುತು. ಕೌಂಟರ್‌ನ ಮೆಷಿನ್ ಓದುವುದು ಅದನ್ನೇ. ಅದರಲ್ಲಿ ದೇಶದ ಗುರುತಿನ ನಂತರ ಬರುವುದು ಸರ್‌ನೇಮ್, ಆಮೇಲೆ ಎರಡು ಬಾಣ, ಆಮೇಲೆ ಗಿವನ್ ನೇಮ್. ಟಿಕೆಟ್ ಮಾಡಿಸುವಾಗ ಆ ಸಾಲನ್ನು ನೋಡಿ ಹೇಳಿ, ತಪ್ಪಾಗುವುದಿಲ್ಲ. ಹಡಗಿನ ಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು ಇದ್ದರೆ ಬಂದರಿನ ಅಧಿಕಾರಿ ಆ ಒಬ್ಬರಿಗಾಗಿ ಎಲ್ಲರನ್ನೂ ನಿಲ್ಲಿಸುತ್ತಾನೆ.

ಟೀಚರಕ್ಕ_ಸೋಮವಾರಪೇಟೆ | ಫೆಬ್ರುವರಿ 10

ಚಿಕ್ಕ ಮಾತು ಎರಡು. ನಿಮ್ಮ ಹೆಂಡತಿ ಸರ್ಕಾರಿ ಕೆಲಸದಲ್ಲಿದ್ದರೆ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಮೊದಲೇ ಬೇಕು. ರಜೆ ಮಂಜೂರಾಯ್ತು ಅಂತ ಸುಮ್ನೆ ಹೊರಡುವ ಹಾಗಿಲ್ಲ.

ಎರಡನೆಯದು ಅವ್ವನ ಪಾಸ್‌ಪೋರ್ಟ್. ಹತ್ತನೇ ಕ್ಲಾಸ್ ಮುಗಿಸದವರಿಗೆ ಇಸಿಆರ್ ಅಂತ ಮುದ್ರೆ ಇರುತ್ತದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕು ಅಂತ. ಮಲೇಷ್ಯಾ, ಥಾಯ್ಲೆಂಡ್ ಎರಡೂ ಆ 18 ದೇಶಗಳ ಪಟ್ಟಿಯಲ್ಲಿವೆ. ಹೆದರಬೇಡಿ. ಅದು ಕೆಲಸಕ್ಕೆ ಹೋಗುವವರಿಗೆ. ಪ್ರವಾಸಕ್ಕೆ ಹೋಗುವವರಿಗೆ ವಾಪಸ್ ಟಿಕೆಟ್ ಇದ್ದರೆ 2007ರಿಂದಲೇ ಅಡ್ಡಿ ಇಲ್ಲ. 50 ದಾಟಿದವರು ರಿನ್ಯೂ ಮಾಡಿಸಿದಾಗ ಆ ಮುದ್ರೆಯೇ ಹೋಗುತ್ತದೆ. ನನ್ನ ಅತ್ತೆಯನ್ನು ಕರೆದುಕೊಂಡು ಹೋದಾಗ ವಾಪಸ್ ಟಿಕೆಟ್‌ನ ಪ್ರಿಂಟ್ ಕೈಯಲ್ಲಿ ಇದ್ದದ್ದು ಒಳ್ಳೆಯದಾಯಿತು.

ಮಡಿಕೇರಿಮಂಜು | ಫೆಬ್ರುವರಿ 10

ಕಾಗದದ ವಿಷಯ ಎಲ್ಲರೂ ಹೇಳಿದಿರಿ. ಬ್ಯಾಗಿನ ವಿಷಯ ನಾನು ಹೇಳುತ್ತೇನೆ. ನಾವು ಕೊಡಗಿನವರು ಎಲ್ಲಿಗೆ ಹೋದರೂ ಊಟ ಕಟ್ಟಿಕೊಂಡು ಹೋಗುವವರು.

ಗಸಗಸೆ ಬೇಡವೇ ಬೇಡ. ಸಿಂಗಾಪುರದಲ್ಲಿ ಅದು ನಿಷೇಧ, ಯುಎಇಯಲ್ಲೂ ನಿಷೇಧ. ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ. ಕೋಳಿ ಸಾರಿನ ಮಸಾಲೆ ಪುಡಿಯಲ್ಲಿ ಗಸಗಸೆ ಅರೆದು ಹಾಕಿರುತ್ತಾರೆ, ಅದನ್ನು ಅವ್ವ ಪ್ರೀತಿಯಿಂದ ಡಬ್ಬಿಗೆ ತುಂಬಿಕೊಟ್ಟಿರುತ್ತಾರೆ. ದಯವಿಟ್ಟು ತೆಗೆದಿಡಿ. ಒಣ ಹಂದಿ ಮಾಂಸ, ಪಂದಿ ಕರಿ ಯಾವುದೂ ಗಡಿ ದಾಟುವುದಿಲ್ಲ. ಕಾಫಿ ಪುಡಿ, ಒಳ್ಳೆಮೆಣಸು ತೆಗೆದುಕೊಂಡು ಹೋಗುವುದಾದರೆ ಸ್ವಲ್ಪ, ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ ಇರಲಿ. ಚ್ಯೂಯಿಂಗ್ ಗಮ್, ಇ-ಸಿಗರೇಟ್ ಸಿಂಗಾಪುರಕ್ಕೆ ಬೇಡ. ಸಿಗರೇಟ್‌ಗೆ ಅಲ್ಲಿ ಸುಂಕ ವಿನಾಯಿತಿ ಇಲ್ಲ, ಒಂದು ಪ್ಯಾಕ್ ಇದ್ದರೂ ಹೇಳಿಕೊಳ್ಳಬೇಕು.

ಪೀಚೆಕತ್ತಿ, ಅಂದರೆ ಸೊಂಟಕ್ಕೆ ಸಿಕ್ಕಿಸುವ ನಮ್ಮ ಸಣ್ಣ ಕತ್ತಿ. ಹಡಗಿನಲ್ಲಿ ಒಂದು ರಾತ್ರಿ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡಿಕೊಳ್ಳುತ್ತಾರೆ. ನಮ್ಮ ಕೊಡವ ಉಡುಪು ಕುಪ್ಯಚೇಲೆ ಹಾಕಿದರೆ ಅಪ್ಪನಿಗೆ ಪೀಚೆಕತ್ತಿ ಇಲ್ಲದೆ ಮನಸ್ಸು ಒಪ್ಪುವುದಿಲ್ಲ. ಆದರೆ ಹಡಗು ಹತ್ತುವಾಗ ಸೂಟ್‌ಕೇಸ್ ಎಕ್ಸ್‌ರೇ ಆಗುತ್ತದೆ, ಕತ್ತಿ ಬಿಡುವುದಿಲ್ಲ. ಮನೆಯಲ್ಲೇ ಇರಲಿ.

ಎಲ್ಲಕ್ಕಿಂತ ಮುಖ್ಯ, ಹಳೆಯ ಬ್ಯಾಗ್ ಮತ್ತು ಜಾಕೆಟ್‌ನ ಜೇಬು ನೋಡಿ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಹೋದಾಗ ಹಾಕಿದ ಜಾಕೆಟ್‌ನಲ್ಲಿ ಒಂದು ತೋಟೆ ಉಳಿದಿರಬಹುದು. ಕೋವಿ ಇಡಲು ನಮಗೆ ಲೈಸೆನ್ಸ್ ವಿನಾಯಿತಿ ಇರುವುದು ನಮ್ಮ ನೆಲದಲ್ಲಿ. ಏರ್‌ಪೋರ್ಟ್‌ನಲ್ಲಿ ಒಂದೇ ಒಂದು ತೋಟೆ ಸಿಕ್ಕರೂ ಪೊಲೀಸ್ ಕೇಸ್. ನನ್ನ ಚಿಕ್ಕಪ್ಪನ ವಿಮಾನ ಹೀಗೆ ತಪ್ಪಿತು. ಖಾಲಿ ತೋಟೆಯೂ ಬೇಡ.

ಪೊನ್ನಂಪೇಟೆ_ತೋಟ | ಫೆಬ್ರುವರಿ 10

ಮಂಜು ಅಣ್ಣ, ಇದು ಬೇರೆ ಯಾರೂ ಹೇಳದ ಮಾತು. ಬ್ಯಾಗ್ ಪೂರ್ತಿ ಕೊಡವಿ ನೋಡುತ್ತೇನೆ. ಅವ್ವ ಕಾವೇರಿ ತೀರ್ಥದ ಚಿಕ್ಕ ಬಾಟಲಿ ತರುತ್ತೇನೆ ಅನ್ನುತ್ತಿದ್ದಾರೆ. ಅದು ಬಿಡುತ್ತಾರಾ?

ಮಡಿಕೇರಿಮಂಜು | ಫೆಬ್ರುವರಿ 10

ವಿಮಾನದ ಕೈಚೀಲದಲ್ಲಾದರೆ 100 ಮಿಲಿ ಒಳಗಿನ ಬಾಟಲಿ ಆಗಬೇಕು. ದೊಡ್ಡದಾದರೆ ಚೆಕ್‌ಇನ್ ಸೂಟ್‌ಕೇಸ್‌ಗೆ ಹಾಕಿ. ಮುಚ್ಚಳಕ್ಕೆ ಟೇಪ್ ಸುತ್ತಿ. ಯಾರಾದರೂ ಕೇಳಿದರೆ ನೀರು ಅಂತಲೇ ಹೇಳಿ.

ಬೆಟ್ಟದಹಳ್ಳಿ_ರವೆ | ಫೆಬ್ರುವರಿ 11

ಇಷ್ಟೆಲ್ಲ ಓದಿ ತಲೆ ತಿರುಗಿತು. ಹಡಗಿನಲ್ಲೇ ಊಟ, ಆಟ, ಈಜುಕೊಳ ಎಲ್ಲಾ ಇದೆ. ವಯಸ್ಸಾದವರನ್ನು ಬಂದರಿನಲ್ಲಿ ಇಳಿಸದೆ ಹಡಗಿನಲ್ಲೇ ಇಟ್ಟುಕೊಂಡರೆ ಈ ಇಮಿಗ್ರೇಷನ್ ಯಾವುದೂ ಬೇಡ ಅಲ್ವಾ?

ಹಳೇನಾವಿಕ | ಫೆಬ್ರುವರಿ 11

ಹಾಗೆ ಅಂದುಕೊಳ್ಳಬೇಡಿ. ಹಡಗು ಆ ದೇಶದ ನೀರಿಗೆ ಬಂದ ಮೇಲೆ ಒಳಗೆ ಕೂತವರೂ ಪಟ್ಟಿಯಲ್ಲಿರುತ್ತಾರೆ. ಕೆಲವು ಬಂದರುಗಳಲ್ಲಿ ಇಳಿಯಲಿ, ಇಳಿಯದಿರಲಿ, ಎಲ್ಲರೂ ಅಧಿಕಾರಿಯ ಮುಂದೆ ಮುಖ ತೋರಿಸಲೇಬೇಕು. ಯಾವುದಾದರೂ ದೇಶದ ಕಾಗದ ಇಲ್ಲದವರನ್ನು ಮೊದಲನೇ ದಿನವೇ ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ, "ನಾನು ಅಲ್ಲಿ ಇಳಿಯುವುದಿಲ್ಲ" ಅಂದರೂ ಕೇಳುವುದಿಲ್ಲ. ಪ್ರಯಾಣಿಕರ ಕಾಗದ ಸರಿ ಇಲ್ಲದಿದ್ದರೆ ದಂಡ ಬೀಳುವುದು ಹಡಗು ಕಂಪನಿಗೆ.

ವ್ಯಾಂಕೂವರ್‌ನಿಂದ | ಫೆಬ್ರುವರಿ 12

ನಮಸ್ಕಾರ, ನಾಪೋಕ್ಲು ಕಡೆಯವಳು, ಈಗ ಕೆನಡಾದಲ್ಲಿದ್ದೇನೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಬರುವ ಅಪ್ಪ ಅಮ್ಮಂದಿರನ್ನು ಅಲಾಸ್ಕ ಕ್ರೂಸ್‌ಗೆ ಕಳಿಸುವವರು ತುಂಬಾ ಇದ್ದಾರೆ. ಅವರಿಗೂ ಇದೇ ಮಾತು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತದೆ. ಸುಮ್ನೆ ನಿಲ್ಲುವುದಲ್ಲ. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ಹೊರದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಜನರನ್ನು ಸಾಗಿಸುವ ಹಾಗಿಲ್ಲ, ಮಧ್ಯೆ ಹೊರದೇಶದ ಒಂದು ಬಂದರಿಗೆ ಹೋಗಲೇಬೇಕು. ಆ ಒಂದು ಸಂಜೆಗಾಗಿ ಭಾರತದ ಪಾಸ್‌ಪೋರ್ಟ್‌ನವರು ಕೆನಡಾ ವೀಸಾದ ವಿಷಯ ತಿಂಗಳುಗಳ ಮುಂಚೆಯೇ ನೋಡಿಕೊಳ್ಳಬೇಕು. ಅಮೆರಿಕಕ್ಕೆ ವಾಪಸ್ ಬರುವಾಗಲೂ ವೀಸಾ ಚಾಲ್ತಿಯಲ್ಲಿರಬೇಕು. ವ್ಯಾಂಕೂವರ್‌ನಿಂದ ಹಡಗು ಹತ್ತುವುದಾದರೆ ಅಮೆರಿಕದ ಅಧಿಕಾರಿಗಳು ಇಲ್ಲಿನ ಟರ್ಮಿನಲ್‌ನಲ್ಲೇ ಪರೀಕ್ಷೆ ಮಾಡಿ ಕಳಿಸುತ್ತಾರೆ.

ಪೊನ್ನಂಪೇಟೆ_ತೋಟ | ಮೇ 3

ಎಲ್ಲರಿಗೂ ನಮಸ್ಕಾರ. ಹೋಗಿ ಬಂದೆವು. ಎಲ್ಲರೂ ಆರೋಗ್ಯವಾಗಿದ್ದೇವೆ. ಇಷ್ಟು ಜನ ಕೂತು ಬರೆದು ಸಹಾಯ ಮಾಡಿದಿರಿ, ಅದಕ್ಕೆ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ.

ಮಗಳ ಪಾಸ್‌ಪೋರ್ಟ್ ಮಾರ್ಚ್‌ನಲ್ಲಿ ಬಂತು. ಅಪ್ಪನ ಟಿಕೆಟ್‌ನ ಹೆಸರನ್ನು ಸರಿ ಮಾಡಿಸಿದೆವು. ವೀಸಾ ಬಂದಾಗ ಮೊದಲು ನೋಡಿದ್ದು ಮಲ್ಟಿಪಲ್ ಜರ್ನಿ ಅನ್ನುವ ಪದ. ನಾಲ್ಕು ಜನರಿಗೆ ಹಾಗೇ ಬಂದಿತ್ತು, ಅವ್ವನಿಗೆ ಮಾತ್ರ ಸಿಂಗಲ್! ನಾವಿಕಣ್ಣ ಹೇಳದಿದ್ದರೆ ನಾನು ಆ ಕಾಗದವನ್ನು ಮಡಚಿ ಫೈಲ್‌ಗೆ ಹಾಕಿಬಿಡುತ್ತಿದ್ದೆ. ಕ್ರೂಸ್ ಟಿಕೆಟ್ ಜೊತೆಗಿಟ್ಟು ಮತ್ತೆ ಅರ್ಜಿ ಹಾಕಿಸಿದೆವು, ಮಲ್ಟಿಪಲ್ ಬಂತು. ಐದನೇ ದಿನ ಬೆಳಗ್ಗೆ ಸಿಂಗಾಪುರದ ಕೌಂಟರ್ ಮುಂದೆ ಅವ್ವನೊಬ್ಬರೇ ಆಚೆ ಉಳಿಯುವುದನ್ನು ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಹಡಗು ಹತ್ತುವ ದಿನ ಟರ್ಮಿನಲ್ ಬಾಗಿಲಲ್ಲೇ ಪೋರ್ಟರ್‌ಗಳು ಸೂಟ್‌ಕೇಸ್ ತೆಗೆದುಕೊಳ್ಳುತ್ತಾರೆ. ಅದು ಮತ್ತೆ ಸಿಗುವುದು ಸಂಜೆ, ರೂಮಿನ ಬಾಗಿಲಲ್ಲಿ. ಅಪ್ಪ ಜೋಪಾನ ಅಂತ ತಮ್ಮ ಪಾಸ್‌ಪೋರ್ಟನ್ನು ಸೂಟ್‌ಕೇಸ್‌ನ ಒಳಜೇಬಿಗೆ ಹಾಕಿದ್ದರು. ಟ್ಯಾಗ್ ಕಟ್ಟುವಾಗ ನೆನಪಾಗಿ ಅಲ್ಲೇ ನೆಲದ ಮೇಲೆ ತೆರೆದು ತೆಗೆದೆವು. ಇದನ್ನು ಯಾರೂ ಇಲ್ಲಿ ಬರೆದಿರಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಪಾಸ್‌ಪೋರ್ಟ್, ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಕನ್ನಡಕ ಎಲ್ಲಾ ಕೈಚೀಲದಲ್ಲಿರಲಿ.

ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡರು. ರಸೀದಿ ಕೊಟ್ಟರು. ಅವ್ವ ಕೊಡುವಾಗ ಒಂದು ಕ್ಷಣ ಕೈ ಬಿಡಲಿಲ್ಲ. ಕೌಂಟರ್‌ನಲ್ಲಿದ್ದ ಹುಡುಗಿ ಕಾಯುತ್ತಾ ನಿಂತಳು, ಎಳೆಯಲಿಲ್ಲ. ಅವ್ವ ಜೆರಾಕ್ಸ್ ಇದೆಯಾ ಅಂತ ಬ್ಯಾಗ್ ಮುಟ್ಟಿ ನೋಡಿಕೊಂಡು ಆಮೇಲೆ ಬಿಟ್ಟರು.

ಪೆನಾಂಗ್. ಹಡಗು ಜಾರ್ಜ್ ಟೌನ್ ಊರಿನ ಮಗ್ಗುಲಲ್ಲೇ ನಿಲ್ಲುತ್ತದೆ, ಸ್ವೆಟೆನ್‌ಹ್ಯಾಮ್ ಪಿಯರ್ ಅಂತ. ಡೆಕ್ ಪ್ರಕಾರ ಕರೆದರು. ಹಾಲ್‌ನಲ್ಲಿ ನಮ್ಮ ಪಾಸ್‌ಪೋರ್ಟ್ ವಾಪಸ್ ಕೊಟ್ಟು, ಕೆಳಗೆ ಇಮಿಗ್ರೇಷನ್ ಕೌಂಟರ್‌ಗೆ ಕಳಿಸಿದರು. ಅರೈವಲ್ ಕಾರ್ಡ್‌ನ ಪ್ರಿಂಟ್ ಇದ್ದವರು ಬೇಗ ಹೋದರು. ಫೋನ್‌ನಲ್ಲಿ ಹುಡುಕುತ್ತಾ ನಿಂತವರು ಅಲ್ಲೇ ನಿಂತರು. ನಮಗೆ ತಡವಾದದ್ದು ಬೆರಳಚ್ಚಿನಲ್ಲಿ. ಅವ್ವನ ಎರಡೂ ತೋರುಬೆರಳು ಮೆಷಿನ್‌ಗೆ ಸಿಗಲೇ ಇಲ್ಲ. ಐವತ್ತು ವರ್ಷ ಕಾಫಿ ಕೊಯ್ದ, ಮೆಣಸು ಬಿಡಿಸಿದ ಬೆರಳು, ಗೆರೆ ಸವೆದುಹೋಗಿದೆ. ಇಲ್ಲಿ ರೇಷನ್ ಅಂಗಡಿಯಲ್ಲೂ ಹೀಗೇ ಆಗುತ್ತದೆ. ಅವ್ವ ಗಾಬರಿಯಾಗಿ ನನ್ನ ಮುಖ ನೋಡಿದರು. ಅಧಿಕಾರಿ ಹೆಂಗಸು, ನಮ್ಮ ಅಕ್ಕನ ವಯಸ್ಸಿನವರು. ಒಂದು ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಲು ಸನ್ನೆ ಮಾಡಿದರು. ಮತ್ತೂ ಸಿಗಲಿಲ್ಲ. ಪಕ್ಕದವರನ್ನು ಕರೆದು ಮಾತಾಡಿ, ಪಾಸ್‌ಪೋರ್ಟ್ ನೋಡಿ, ನಗುತ್ತಾ ಬಿಟ್ಟರು. ತೋಟದಲ್ಲಿ ದುಡಿದ ಕೈ ಇರುವವರು ಹಿಂದಿನ ರಾತ್ರಿಯೇ ಬೆರಳಿಗೆ ಲೋಷನ್ ಹಚ್ಚಿ ಮಲಗಿ. ಜೊತೆಗೆ ಒಬ್ಬರು ಪಕ್ಕದಲ್ಲೇ ನಿಲ್ಲಲು ಅನುಮತಿ ಕೇಳಿ, ಕೊಡುತ್ತಾರೆ.

ಹೊರಗೆ ಬಂದು ಸ್ವಲ್ಪ ನಡೆದರೆ ಫೋರ್ಟ್ ಕಾರ್ನ್‌ವಾಲಿಸ್. ಹೆಸರು ಓದಿದ್ದೇ ಅಪ್ಪ ನಿಂತುಬಿಟ್ಟರು. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಜೊತೆ ಒಪ್ಪಂದ ಮಾಡಿಕೊಂಡ ಅದೇ ಕಾರ್ನ್‌ವಾಲಿಸ್. ಆ ಒಪ್ಪಂದದಲ್ಲಿ ನಮ್ಮ ಕೊಡಗಿನ ವಿಷಯವೂ ಇತ್ತು. ಅಪ್ಪ ಮೊಮ್ಮಗಳಿಗೆ ಕೋಟೆ ಗೋಡೆಯ ನೆರಳಲ್ಲಿ ಅರ್ಧ ಗಂಟೆ ಪಾಠ ಮಾಡಿದರು. ನಾನು ಚಿಕ್ಕವನಿದ್ದಾಗ ಕೇಳಿದ ಅದೇ ದನಿ. ಆ ಅರ್ಧ ಗಂಟೆಗೇ ಈ ಖರ್ಚೆಲ್ಲ ಸಾರ್ಥಕ ಅನ್ನಿಸಿತು ನನಗೆ.

ಫುಕೆಟ್‌ನಲ್ಲಿ ಹಡಗು ದಡಕ್ಕೆ ಬರಲಿಲ್ಲ. ಪಟಾಂಗ್ ಎದುರು ದೂರದಲ್ಲಿ ಲಂಗರು ಹಾಕಿ, ಚಿಕ್ಕ ದೋಣಿಯಲ್ಲಿ ಕರೆದುಕೊಂಡು ಹೋದರು. ಥಾಯ್ ಅಧಿಕಾರಿಗಳ ಕೆಲಸ ಹಡಗಿನಲ್ಲೇ ಮುಗಿದಿತ್ತು. ನಾವು ಹಡಗಿನ ಕಾರ್ಡ್, ಪಾಸ್‌ಪೋರ್ಟ್ ಜೆರಾಕ್ಸ್ ಹಿಡಿದು ಇಳಿದೆವು. ಟಿಕೆಟ್ ಅಣ್ಣ ಹೇಳಿದ ಹಾಗೆ ಮೊದಲು ಒಂದು ಅಂಗಡಿಯಲ್ಲಿ ಎಳನೀರು ತೆಗೆದುಕೊಂಡು ಕೂತು ಸಿಂಗಾಪುರದ ಕಾರ್ಡ್ ಐದೂ ತುಂಬಿದೆವು.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಥಾಯ್ಲೆಂಡ್ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ದಡ ಮುಟ್ಟಿದ ತಕ್ಷಣ ಫೋನ್ ತಾನೇ ಥಾಯ್ ಸಮಯಕ್ಕೆ ಬದಲಾಗುತ್ತದೆ. ನಮ್ಮ ಹಡಗು ಸಿಂಗಾಪುರ ಸಮಯದಲ್ಲೇ ನಡೆಯುತ್ತಿತ್ತು. ಕೊನೆಯ ದೋಣಿ ಸಂಜೆ 5 ಗಂಟೆಗೆ ಅಂದಿದ್ದರು. ನನ್ನ ಫೋನ್‌ನಲ್ಲಿ 3:35. ಇನ್ನೂ ಒಂದೂವರೆ ಗಂಟೆ ಇದೆ ಅಂತ ನಾನು ಆರಾಮಾಗಿದ್ದೆ. ಅಪ್ಪನ ಹಳೆಯ ಎಚ್‌ಎಂಟಿ ವಾಚ್‌ನಲ್ಲಿ 4:35. ಅವರು ಹಡಗಿನಲ್ಲಿ ಕೀಲಿ ಕೊಟ್ಟು ಹೊಂದಿಸಿದ ಮೇಲೆ ಬದಲಾಯಿಸಿರಲಿಲ್ಲ. ಎದ್ದು ಹೊರಟೆವು, ಕೊನೆಯ ದೋಣಿಗಿಂತ ಒಂದು ಮುಂಚಿನದು ಸಿಕ್ಕಿತು. ಒಬ್ಬರ ಕೈಯಲ್ಲಾದರೂ ಮುಳ್ಳಿನ ವಾಚ್ ಇರಲಿ, ಅದನ್ನು ಹಡಗಿನ ಸಮಯಕ್ಕೇ ಇಡಿ.

ಐದನೇ ದಿನ ಸಿಂಗಾಪುರದಲ್ಲಿ ಹತ್ತು ನಿಮಿಷದಲ್ಲಿ ಹೊರಗೆ ಬಂದೆವು. ಹೇಳಲು ಏನೂ ಇಲ್ಲ.

ಕುಟ್ಟದಕಾಫಿ | ಮೇ 3

ಓದಿ ಕಣ್ಣು ತುಂಬಿತು ಅಣ್ಣ. ಅವ್ವನ ಬೆರಳಿನ ಮಾತು ನನ್ನ ಅಮ್ಮನದ್ದೂ ಹೌದು. ತೀರ್ಥ ಹೋಯಿತಾ?

ಪೊನ್ನಂಪೇಟೆ_ತೋಟ | ಮೇ 4

ಹೋಯಿತು ತಂಗಿ. ಸೂಟ್‌ಕೇಸ್‌ನಲ್ಲಿತ್ತು, ಯಾರೂ ಕೇಳಲಿಲ್ಲ. ಸಮುದ್ರದ ದಿನ ಬೆಳಗ್ಗೆ ಅವ್ವ ನಮ್ಮೆಲ್ಲರ ತಲೆಗೂ ಒಂದೊಂದು ಹನಿ ಹಾಕಿದರು. ಉಳಿದದ್ದು ಈಗ ಮತ್ತೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಮ್ಮ ಮನೆಯ ನಡುಮನೆಯಲ್ಲಿ, ದೀಪದ ಹತ್ತಿರ ಇದೆ.

ಬೆಟ್ಟದಹಳ್ಳಿ_ರವೆ | ಮೇ 4

ನಮ್ಮ ತಾತನಿಗೆ ಮಂಡಿ ನೋವು. ಫುಕೆಟ್‌ನ ದೋಣಿಗೆ ಇಳಿಯಲು ಮೆಟ್ಟಿಲು ಜಾಸ್ತಿ ಇದೆಯಾ? ವ್ಹೀಲ್‌ಚೇರ್ ಬಿಡುತ್ತಾರಾ?

ಪೊನ್ನಂಪೇಟೆ_ತೋಟ | ಮೇ 4

ಅಲೆ ಇದ್ದರೆ ದೋಣಿ ಅಲುಗಾಡುತ್ತದೆ, ಒಂದು ಹೆಜ್ಜೆ ಎತ್ತಿ ಇಡಲೇಬೇಕು. ವ್ಹೀಲ್‌ಚೇರ್‌ನಲ್ಲಿದ್ದ ಒಬ್ಬರನ್ನು ಆ ದಿನ ಇಳಿಸಲಿಲ್ಲ. ಪೆನಾಂಗ್‌ನಲ್ಲಿ ಅಂಥ ತೊಂದರೆ ಇಲ್ಲ, ಹಡಗಿನಿಂದ ನೇರವಾಗಿ ನಡೆದು ಹೋಗಬಹುದು, ವ್ಹೀಲ್‌ಚೇರ್‌ನವರಿಗೆ ಕೌಂಟರ್‌ನಲ್ಲಿ ಬೇರೆ ಸಾಲೂ ಇತ್ತು. ತಾತನಿಗಾದರೆ ಹಡಗು ದಡಕ್ಕೇ ಕಟ್ಟುವ ಬಂದರುಗಳಿರುವ ಪ್ರಯಾಣ ನೋಡಿ. ಬುಕ್ ಮಾಡುವಾಗಲೇ "ಇಲ್ಲಿ ದೋಣಿಯಲ್ಲಿ ಇಳಿಸುತ್ತೀರಾ, ನೇರ ಇಳಿಯಬಹುದಾ" ಅಂತ ಒಂದೊಂದು ಬಂದರಿನ ಹೆಸರು ಹಿಡಿದು ಕೇಳಿ.